ಕರಿಯನ ಮೂಗಿನ ಜಿಗಣೆ

ಕರಿಯ ನಮ್ಮ ಮನೆಗೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಮೂಡಿಗೆರೆ ಕಡೆಯ ನಮ್ಮ ತೋಟದ ಪಕ್ಕದ ಮನೆಯ ಯಜಮಾನರು ತೀರಿಕೊಂಡು, ಮಕ್ಕಳು ಬೆಂಗಳೂರಿಗೆ ಹೊರಟಾಗ, "ಬೇರೆ ಯಾರಾದರೂ ಸಿಗುವವರೆಗೆ ಇಟ್ಟುಕೊಂಡಿರಿ ಅಕ್ಕಾ" ಎಂದು ಸರಪಳಿ ಸಮೇತ ಒಪ್ಪಿಸಿ ಹೋದರು. ಹಲ್ಲು ಸವೆದ, ಎಡಗಣ್ಣಿಗೆ ಪೊರೆ ಬಂದ, ಮುಟ್ಟಿದರೆ ಕಚ್ಚುವ ನಾಯಿಯನ್ನು ಕೇಳಿಕೊಂಡು ಯಾರು ಬರುತ್ತಾರೆ? ಚಾರ್ಮಾಡಿ ಘಾಟಿಯಲ್ಲಿ ಬಿಟ್ಟು ಬನ್ನಿ ಎಂದವರಿದ್ದರು. ಆ ಮಾತು ಕಿವಿಗೆ ಬಿದ್ದ ದಿನವೇ ಇವನು ಇನ್ನೆಲ್ಲಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸಿದೆ.

ಮೊದಲ ತಿಂಗಳಲ್ಲೇ ನನ್ನ ಮುಂಗೈ ಕಚ್ಚಿದ. ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿಯ ಕೆಳಗೆ ತೊಳೆದು, ಅಂದೇ ಆಸ್ಪತ್ರೆಗೆ ಓಡಿದೆ. ಮತ್ತೆ 3, 7, 14, 28ನೇ ದಿನ ಚುಚ್ಚುಮದ್ದು. ಮನೆಗೆ ಬಂದ ಪಶುವೈದ್ಯರು ಅಂಗಳದಲ್ಲಿ ಅವನು ಎದ್ದು ನಡೆಯುವುದನ್ನು ಸ್ವಲ್ಪ ಹೊತ್ತು ನೋಡಿ, "ಇದು ಕೋಪವಲ್ಲ ಅಮ್ಮ, ಸೊಂಟದ ನೋವು" ಎಂದರು. ನಾವು ನುಂಗುವ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು, ಕೊಡಲೇಬೇಡಿ ಎಂದು ಎರಡು ಸಲ ಹೇಳಿ, ಅವನಿಗೆ ಹೊಂದುವ ಔಷಧಿ ಬರೆದುಕೊಟ್ಟರು. ಅಂದಿನಿಂದ ಪೊರೆ ಬಂದ ಕಣ್ಣಿನ ಕಡೆಯಿಂದ ಹೋಗುವಾಗ ಹೆಸರು ಕರೆದೇ ಹೋಗುತ್ತಿದ್ದೆ. ಚಿರತೆಯ ಭಯಕ್ಕೆ ರಾತ್ರಿ ಒಳಗೆ ಮಲಗಿಸುತ್ತಿದ್ದೆವು. ಕಚ್ಚುವುದು ಕಡಿಮೆಯಾಯಿತು. ಆದರೆ ಮುಖ ಮುಟ್ಟಲು ಮಾತ್ರ ಬಿಡಲಿಲ್ಲ.

ಎರಡನೆಯ ವರ್ಷದ ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಬೆದರಿ ತೋಟದೊಳಗೆ ನುಗ್ಗಿದವನು ಮೂರನೆಯ ದಿನ ಮರಳಿದ. ಬಂದ ಮೇಲೆ ಬರೀ ಸೀನು. ತಲೆ ಕೊಡವುತ್ತಿದ್ದ. ಬಲ ಮೂಗಿನಿಂದ ರಕ್ತ ತೊಟ್ಟಿಕ್ಕಿ ಜಗಲಿಯ ಮೇಲೆಲ್ಲ ಚುಕ್ಕೆ. ನನಗೆ ಕೈಕಾಲು ಆಡಲಿಲ್ಲ. ಕೊಟ್ಟಿಗೆ ನೋಡಿಕೊಳ್ಳುತ್ತಿದ್ದ ಅಜ್ಜ ಬಗ್ಗಿ ನೋಡಿ, "ಹಳ್ಳದಲ್ಲಿ ನೀರು ಕುಡಿದಿದ್ದಾನೆ. ಮೂಗಿಗೆ ಜಿಗಣೆ ಹೊಕ್ಕಿದೆ" ಎಂದ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳವಲ್ಲ ಇದು. ನೀರಿನಲ್ಲೇ ಇದ್ದು, ಕುಡಿಯಲು ಬಂದ ದನಕರುಗಳ ಮೂಗಿಗೆ ಸೇರಿ ವಾರಗಟ್ಟಲೆ ರಕ್ತ ಹೀರುವ ಜಾತಿ. "ಇವತ್ತು ರಾತ್ರಿ ನೀರಿಡಬೇಡಿ ಅಮ್ಮ. ಬೆಳಿಗ್ಗೆ ನೀರು ತೋರಿಸಿದರೆ ಅದೇ ಹೊರಗೆ ಬರುತ್ತದೆ."

ರಾತ್ರಿಯಿಡೀ ಅವನು ಖಾಲಿ ಬಟ್ಟಲನ್ನು ನೆಕ್ಕುವ ಸದ್ದು ಕೇಳಿಸುತ್ತಿತ್ತು. ಎರಡು ಸಲ ಎದ್ದು ಕುಳಿತೆ.

ಬೆಳಕು ಹರಿಯುತ್ತಲೇ ಬಿಳಿ ಬಟ್ಟಲಿಗೆ ತಣ್ಣೀರು ತುಂಬಿ ಅವನ ಮೂಗಿನ ಕೆಳಗೆ ಹಿಡಿದೆ. ಕುಡಿಯದಂತೆ ಗಲ್ಲದ ಕೆಳಗೆ ಕೈ ಕೊಡಲೇಬೇಕಿತ್ತು. ಕೊಟ್ಟೆ. ಅವನು ಗುರ್ ಎಂದ, ಆದರೆ ಮುಖ ತಿರುಗಿಸಲಿಲ್ಲ. ಮೂಗಿನ ಹೊಳ್ಳೆಯಿಂದ ಕಪ್ಪು ದಾರದಂಥದ್ದು ಇಣುಕಿತು. ನೀರಿನ ಕಡೆ ನೀಳವಾಗಿ, ಸರಕ್ಕನೆ ಒಳಗೆ ಸೇರಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನೀರು ಮುಟ್ಟುವಷ್ಟು ಇಳಿದಾಗ ಅಜ್ಜ ಬೂದಿ ಹಚ್ಚಿದ ಗೋಣಿ ತುಂಡಿನಲ್ಲಿ ಹಿಡಿದು, ಜಗ್ಗದೆ, ಅದು ಕಚ್ಚು ಬಿಡುವವರೆಗೆ ನಿಧಾನವಾಗಿ ಎಳೆದ. ನನ್ನ ಬೆರಳಿನಷ್ಟು ಉದ್ದ. ಅಷ್ಟು ಹೊತ್ತೂ ಕರಿಯನ ಗಲ್ಲ ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಹೊಸ ನೀರಿಡುವ ಮೊದಲೇ, ತನ್ನ ರಕ್ತ ಬಿದ್ದು ಕೆಂಪಾದ ಆ ನೀರನ್ನೇ ಗಟಗಟನೆ ಕುಡಿದ.

ಆಮೇಲೆ ಅವನಿಗೊಂದು ಅಭ್ಯಾಸವಾಯಿತು. ಬಟ್ಟಲಿಟ್ಟರೆ ಬಾಯಿ ಹಾಕುತ್ತಿರಲಿಲ್ಲ. ನೀರಿನ ಮೇಲೆ ಮೂಗು ಹಿಡಿದು ಕಾಯುತ್ತಿದ್ದ. ನಾನು ಗಲ್ಲ ಹಿಡಿದು ಹೊಳ್ಳೆ ನೋಡಿ, "ಏನೂ ಇಲ್ಲ ಕರಿಯ, ಕುಡಿ" ಎನ್ನಬೇಕು.

ಹದಿನೈದು ತುಂಬುವ ಹೊತ್ತಿಗೆ ಹಿಂಗಾಲು ಪೂರ್ತಿ ಬಿದ್ದುಹೋದವು. ತೋಟದಲ್ಲಿ ಕಾಫಿ ಹೂವು ಅರಳಿದ್ದ ಒಂದು ಸಂಜೆ ಉಸಿರು ನಿಂತಿತು. ಹಾಲುವಾಣದ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಅಂದು ಬೆಳಿಗ್ಗೆ ಮಲಗಿದಲ್ಲಿಗೇ ಬಟ್ಟಲು ಒಯ್ದಿದ್ದೆ. ಕತ್ತು ನಿಲ್ಲುತ್ತಿರಲಿಲ್ಲ, ಆದರೂ ಮೂಗೆತ್ತಿ ಕಾದ. ಗಲ್ಲ ಹಿಡಿದು ನೋಡಿ, "ಏನೂ ಇಲ್ಲ ಕರಿಯ" ಎಂದೆ. ಎರಡು ಗುಟುಕು ಕುಡಿದ.