ಅಕ್ಷರ ಚೆನ್ನಾಗಿದೆ ಅಂತ

ಇವತ್ತು ಕಾಲೇಜಲ್ಲಿ ಸ್ತ್ರೀವಾದದ ಬಗ್ಗೆ ಚರ್ಚೆ ಇತ್ತು. ಮುಗಿದ ಮೇಲೆ ಮಿನಿಟ್ಸ್ ಪುಸ್ತಕ, ಅಂದರೆ ಸಭೆಯಲ್ಲಿ ಯಾರು ಏನು ಹೇಳಿದರು ಅಂತ ಬರೆದಿಡೋ ಪುಸ್ತಕ, ಕೈಗೆ ಸಿಕ್ಕಿತು. ಸುಮ್ನೆ ಹಿಂದಿನ ಪುಟಗಳನ್ನೂ ತಿರುವಿದೆ.

ಮಾತಾಡಿದವರ ಹೆಸರುಗಳಲ್ಲಿ ಹುಡುಗರದೇ ಜಾಸ್ತಿ. ಬರೆದವರು ಮಾತ್ರ ಎಲ್ಲ ಪುಟದಲ್ಲೂ ಹುಡುಗಿಯರೇ. ನೀಲಿ ಇಂಕು, ಸ್ಕೇಲಿಟ್ಟು ಎಳೆದ ಮಾರ್ಜಿನ್. ಒಂದು ಕಡೆ 'ಸಮಾನತೆ' ಅಂತ ಬರೆದು ಕೆಳಗೆ ಎರಡೆರಡು ಗೆರೆ. ಅದನ್ನು ಬರೆದವಳ ಹೆಸರು ಮಾತಾಡಿದವರ ಪಟ್ಟಿಯಲ್ಲೇ ಇಲ್ಲ. ತಲೆ ಬಗ್ಗಿಸಿ ಬರೆಯುತ್ತಾ ಕೂತವಳು ಕೈ ಎತ್ತೋದು ಯಾವಾಗ ಹೇಳಿ?

"ನಿಮ್ಮ ಅಕ್ಷರ ಚೆನ್ನಾಗಿರುತ್ತೆ ಅಲ್ವಾ, ಅದಕ್ಕೇ" ಅಂದ ಒಬ್ಬ ಗೆಳೆಯ. ಹೊಗಳಿದ್ದಂತೆ!

1897ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡಬೇಕಾ ಬೇಡವಾ ಅಂತ ಮತದಾನ ನಡೆಯಿತು. ಆಗ ಹುಡುಗರು ಸೈಕಲ್ ಮೇಲೆ ಕೂತ ಹೆಣ್ಣಿನ ಬೊಂಬೆ ಮಾಡಿ ಬೀದಿಯ ಮೇಲೆ ನೇತುಹಾಕಿದ್ದರು. ಪ್ರಸ್ತಾಪ ಬಿದ್ದುಹೋಯಿತು. ಗಂಡಸರಿಗೆ ಸರಿಸಮನಾದ ಪದವಿ ಸಿಕ್ಕಿದ್ದು 1948ರಲ್ಲಿ. ಅಲ್ಲಿಯವರೆಗೂ ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆದು ಪಾಸೂ ಆಗಬಹುದಿತ್ತು.

ನಮ್ಮಲ್ಲಿ ಬೊಂಬೆ ನೇತುಹಾಕೋರು ಯಾರೂ ಇಲ್ಲ, ನಿಜ. ಎಲ್ಲರೂ ಒಳ್ಳೆಯವರೇ. ಪೋಸ್ಟರ್ ಅಂಟಿಸುತ್ತಾರೆ, ಗಂಟಲು ಹರಿಯುವ ಹಾಗೆ ಘೋಷಣೆ ಕೂಗುತ್ತಾರೆ. ಪೆನ್ನು ಹಿಡಿ ಅಂದರೆ ಮಾತ್ರ ಫೋನ್ ನೋಡುತ್ತಾರೆ. ಕುರ್ಚಿ ಜೋಡಿಸೋದು, ಹೂಗುಚ್ಛ ಕೊಡೋದು... ಆ ವಿಷಯ ಬೇಡ ಬಿಡಿ, ಇವತ್ತು ಮುಗಿಯಲ್ಲ.

ಇನ್ನು ಮುಂದೆ ಸರದಿ ಪ್ರಕಾರ ಬರೆಯೋಣ ಅಂತ ಹೇಳಿದ್ದೇನೆ. ಪಟ್ಟಿಯಲ್ಲಿ ಮೊದಲ ಹೆಸರು ಆ ಗೆಳೆಯನದೇ. ಮುಂದಿನ ಸಭೆಗೆ ಬರುತ್ತಾನೋ ಇಲ್ಲವೋ, ನೋಡಬೇಕು. ನಿಮ್ಮ ಕಡೆ ಯಾರು ಬರೆಯುತ್ತಾರೆ?