ಸುಟ್ಟ ಗುಡ್ಡದ ಲೆಕ್ಕ: ಅಶ್ವಿನಿಯಿಂದ ರೋಹಿಣಿವರೆಗೆ

ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಒಂದು ಕುರುಚಲು ಗುಡ್ಡವಿದೆ. ಮಾರ್ಚ್‌ನಲ್ಲಿ ಅದರ ಒಂದು ಮಗ್ಗುಲು ಸುಟ್ಟುಹೋಯಿತು. ಬೂದಿ ಆರಿದ ಮೇಲೆ 40 ಗಿಡಗಳ ಪಕ್ಕ ಸುಣ್ಣ ಬಳಿದ ಕಲ್ಲಿಟ್ಟು ನಂಬರ್ ಬರೆದೆ. 15 ತಂಗಡಿ, 15 ಬಂದ್ರೆ, 10 ಕಾರೆ.

ಅಶ್ವಿನಿ ಮಳೆ ಹೊತ್ತಿಗೆ ಎಲ್ಲವೂ ಬರೀ ಕರಿ ಕಡ್ಡಿ. 7ನೇ ನಂಬರಿನ ತಂಗಡಿಯ ಕೊಂಬೆ ಮುರಿದು ನೋಡಿದೆ, ಒಳಗೂ ಒಣಗಿತ್ತು. ಸತ್ತಿದೆ ಅಂತ ಬರೆದುಕೊಂಡೆ. ತುಂಬಾ ಸಂಕಟವಾಯಿತು.

ಭರಣಿ ಮಳೆ ಚೆನ್ನಾಗಿ ಬಂತು. ಆರು ದಿನ ಬಿಟ್ಟು ಹೋದರೆ ಅದೇ 7ನೇ ಗಿಡದ ಬುಡದಲ್ಲಿ ನಾಲ್ಕು ಚಿಗುರು! ಅಲ್ಲೇ ಕೂತು ಸುಮಾರು ಹೊತ್ತು ನೋಡಿದೆ. ಕೊಂಬೆ ನೋಡಿ ಗಿಡ ಸತ್ತಿದೆ ಅನ್ನಬಾರದು. ಮಣ್ಣು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಬುಡದ ಮೊಗ್ಗು ಉಳಿದಿದ್ದರೆ, ಬೇರಲ್ಲಿ ಕೂಡಿಟ್ಟ ಆಹಾರದಿಂದ ಗಿಡ ಮತ್ತೆ ಏಳುತ್ತದೆ.

ರೋಹಿಣಿ ಮಳೆಯಲ್ಲಿ ಎಣಿಸಿದಾಗ ಚಿಗುರಿದ್ದು 12 ತಂಗಡಿ, 8 ಕಾರೆ. ಬಂದ್ರೆ ಐದೇ. ಆದರೆ ಬಂದ್ರೆಯ ಸುತ್ತ ಪುಟ್ಟ ಸಸಿಗಳು ಎದ್ದಿದ್ದವು. ಅದರ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಶಾಖ ತಗುಲಿದರೆ ದಾರಿ ಬಿಡುತ್ತದೆ. ಮನೆಯಲ್ಲೂ ನೋಡಿದೆ. ಬಿಸಿನೀರಲ್ಲಿ ಅದ್ದಿದ 20 ಬೀಜದಲ್ಲಿ 13 ಮೊಳೆತವು, ಅದ್ದದ 20ರಲ್ಲಿ ಮೂರು.

ಚಿಗುರದ 15ರಲ್ಲಿ 11 ಗಿಡ ಲಂಟಾನ ಮೆಳೆಯ ಒಳಗೇ ಇದ್ದವು. ಒಣಗಿದ ಲಂಟಾನ ಒಂದೇ ಕಡೆ ತುಂಬ ಹೊತ್ತು ಉರಿದಿರಬೇಕು. ಹುಲ್ಲಿನ ಬೆಂಕಿಯಾದರೆ ಸುಟ್ಟು ಮುಂದೆ ಓಡುತ್ತದೆ, ಅಲ್ವಾ?

ಅಮೆರಿಕದ ಮೊಹಾವಿ ಮರುಭೂಮಿಯ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಪೊದೆಗಳ ನಡುವೆ ಬರಿ ನೆಲ ಇರುತ್ತಿತ್ತು, ಬೆಂಕಿ ದಾಟುವುದು ಕಷ್ಟವಾಗಿತ್ತು. ಹೊರಗಿನಿಂದ ಬಂದ ರೆಡ್ ಬ್ರೋಮ್ ಹುಲ್ಲು ಆ ಜಾಗ ತುಂಬಿತು. 2020ರ ಆಗಸ್ಟ್‌ನಲ್ಲಿ ಅಲ್ಲಿ ಎದ್ದ, ಡೋಮ್ ಅಂತ ಹೆಸರಿಟ್ಟ ಕಾಡ್ಗಿಚ್ಚು 43,000 ಎಕರೆಗೂ ಜಾಸ್ತಿ ಸುಟ್ಟಿತು. ಅಲ್ಲಿನ ಕ್ರಿಯೋಸೋಟ್ ಪೊದೆ ಒಮ್ಮೊಮ್ಮೆ ಬುಡದಿಂದ ಚಿಗುರುತ್ತದೆ, ಬ್ಲ್ಯಾಕ್‌ಬ್ರಷ್ ಅನ್ನೋ ಪೊದೆ ಚಿಗುರುವುದು ಅಪರೂಪ. ಅದು ಮತ್ತೆ ತುಂಬಿಕೊಳ್ಳಲು ಹತ್ತಾರು ವರ್ಷವೂ ಸಾಲದು. ನಮ್ಮ ಗುಡ್ಡದಲ್ಲಿ ಗಿಡಗಳ ನಡುವಿನ ಜಾಗ ತುಂಬಿರುವುದು ಲಂಟಾನ. ಸುಟ್ಟರೂ ಅದೇ ಬೇಗ ಚಿಗುರಿದೆ. ಮುಂದಿನ ಬೇಸಿಗೆಗೆ ಮುಂಚೆ ನನ್ನ ಕಲ್ಲುಗಳ ಸುತ್ತಲಾದರೂ ಅದನ್ನು ಬೇರು ಸಮೇತ ಕೀಳಬೇಕು. ಅದಕ್ಕೆ ಒಪ್ಪಿಗೆ ಕೇಳಬೇಕು.

ಚಿಗುರದ 15 ಗಿಡಗಳ ಕಲ್ಲು ಇನ್ನೂ ತೆಗೆದಿಲ್ಲ. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಬಿಡುತ್ತೇನೆ.