ಕೆಸರಿದ್ದರೆ ಕೆಸರಲ್ಲೇ ನಡೆಯಿರಿ

ಉದ್ಯಾನದ ಕಾಲುದಾರಿ ಹಾಳಾಗುವುದು ಜನ ಹೆಚ್ಚಾಗಿದ್ದರಿಂದ ಎಂದು ದೂರುವುದು ಸುಲಭ. ಆದರೆ ಹೆಚ್ಚು ಹಾನಿ ಮಾಡುವುದು ದಾರಿ ಬಿಟ್ಟು ಪಕ್ಕಕ್ಕಿಟ್ಟ ಹೆಜ್ಜೆ. ಯಾರೂ ತುಳಿಯದ ನೆಲದಲ್ಲಿ ಮೊದಲ ಕೆಲವೇ ಓಡಾಟಗಳಲ್ಲಿ ಬಹುಪಾಲು ಕೆಡುಕು ಆಗಿಹೋಗುತ್ತದೆ. ತರಗೆಲೆಯ ಹೊದಿಕೆ ಪುಡಿಯಾಗುತ್ತದೆ, ಮಣ್ಣಿನ ಕಣಗಳ ನಡುವೆ ಗಾಳಿಯಾಡುವ ಜಾಗ ಮುಚ್ಚುತ್ತದೆ, ನೀರು ಇಂಗುವ ಬದಲು ಹರಿಯತೊಡಗುತ್ತದೆ. ಅದೇ ಈಗಾಗಲೇ ಗಟ್ಟಿಯಾದ ದಾರಿಯಲ್ಲಿ ಇನ್ನೂ ನೂರು ಜನ ನಡೆದರೂ ದೊಡ್ಡ ವ್ಯತ್ಯಾಸವಿಲ್ಲ.

ದಾರಿಯಲ್ಲಿ ಕೆಸರು ನಿಂತಿದೆ ಎನ್ನಿ. ಮೊದಲು ಬಂದವರು ಅಂಚಿನ ಹುಲ್ಲಿನ ಮೇಲೆ ದಾಟುತ್ತಾರೆ. ಹುಲ್ಲು ಸಾಯುತ್ತದೆ, ಅಲ್ಲೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆಗೆ ಸರಿಯುತ್ತಾರೆ. ಒಂದು ದಾರಿ ಮೂರು ಕವಲಾಗುವುದು ಹೀಗೆ. ನೀರಿಗೆ ಜಗ್ಗದ ಬೂಟು ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರಂತೆ ನಡುವಿನಲ್ಲೇ ಹೋಗುವುದೊಂದೇ ಮದ್ದು.

ದಾರಿ ನೋಡಿಕೊಳ್ಳುವವರು ಹುಡುಕಬೇಕಾದದ್ದು ನೀರು ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು. ಗುಡ್ಡದ ಪಕ್ಕೆಯಲ್ಲಿ ಸಾಗುವ ದಾರಿಯ ಏರು, ಆ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. 1 ಮೀಟರ್ ಅಗಲದ ದಾರಿಯಾದರೆ ಹೊರ ಅಂಚು ಒಳ ಅಂಚಿಗಿಂತ ಸುಮಾರು 5 ಸೆಂಟಿಮೀಟರ್ ತಗ್ಗಿರಲಿ. ದಿನಕಳೆದಂತೆ ನಡುಭಾಗ ತಗ್ಗಿ, ಹೊರ ಅಂಚಿನಲ್ಲಿ ಮಣ್ಣಿನ ಸಣ್ಣ ಬದು ಏಳುತ್ತದೆ. ಅದನ್ನು ಸನಿಕೆಯಿಂದ ಕಡಿದು ನೀರಿಗೆ ದಾರಿ ಬಿಡಬೇಕು. ಬದು ತೆಗೆಯದೆ ಜಲ್ಲಿ ಸುರಿಯುವುದು ದಂಡದ ಕೆಲಸ, ಜೋರು ಮಳೆಗೆ ಅದೂ ಕೊಚ್ಚಿಹೋಗುತ್ತದೆ.

ಎಲ್ಲ ನೆಲವೂ ತುಳಿತವನ್ನು ಒಂದೇ ರೀತಿ ತಾಳುವುದಿಲ್ಲ. ಬರಿಬಂಡೆ ತಡೆದುಕೊಳ್ಳುತ್ತದೆ, ಆದರೆ ಅದರ ಬಿರುಕಿನಲ್ಲಿರುವ ಪಾಚಿ ತಡೆಯದು. ಮರಳುದಿಬ್ಬವನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು; ಅದು ಸತ್ತರೆ ಗಾಳಿ ಅಲ್ಲಿಂದಲೇ ಮರಳು ತೋಡಲು ಶುರುಮಾಡುತ್ತದೆ. ಒಣ ಪ್ರದೇಶದಲ್ಲಿ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ನೆಲದ ಹೊರಪದರ ಬರೀ ಮಣ್ಣಲ್ಲ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಜೀವಂತ ಪದರ ಅದು. ಒಮ್ಮೆ ಬೂಟು ಒತ್ತಿದರೆ ಪುಡಿಯಾಗುತ್ತದೆ, ಚೇತರಿಸಿಕೊಳ್ಳಲು ದಶಕಗಳು ಬೇಕಾಗಬಹುದು. ಪೀಟ್, ಅಂದರೆ ನೀರಿನಲ್ಲಿ ಅರೆಕೊಳೆತ ಗಿಡಗಳು ಪದರಗಟ್ಟಿ ಆದ ಮಣ್ಣು, ಇರುವ ಜೌಗಿನಲ್ಲಿ ಹಲಗೆದಾರಿಯಿಂದ ಇಳಿಯಲೇಬೇಡಿ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್.

ಹುಲ್ಲುಗಾವಲಿನ ಲೆಕ್ಕವೇ ಬೇರೆ. ಅದನ್ನು ಕೊಯ್ಯದೇ ಬಿಟ್ಟರೆ ಪೊದೆ ನುಗ್ಗುತ್ತದೆ, ಬೇಗ ಕೊಯ್ದರೆ ಹೂಗಿಡಗಳು ಬೀಜ ಉದುರಿಸುವುದಿಲ್ಲ. ಬೀಜ ಬಲಿತ ಮೇಲೆ ಕೊಯ್ದು, ಎರಡು ಮೂರು ದಿನ ಅಲ್ಲೇ ಒಣಗಲು ಬಿಟ್ಟು, ಆಮೇಲೆ ಹುಲ್ಲನ್ನು ಹೊರಗೆ ಸಾಗಿಸಿ. ಅಲ್ಲೇ ಕೊಳೆಯಲು ಬಿಟ್ಟರೆ ಮಣ್ಣಿನ ಸಾರ ಹೆಚ್ಚುತ್ತದೆ. ಸಾರ ಹೆಚ್ಚಿದಷ್ಟೂ ಒರಟು ಹುಲ್ಲು ಕೊಬ್ಬಿ, ಸಣ್ಣ ಹೂಗಿಡಗಳನ್ನು ಹೊಸಕಿಹಾಕುತ್ತದೆ. ತೋಟದ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಒಂದು ಜಾಗದಿಂದ ಇನ್ನೊಂದಕ್ಕೆ ಹೊರಡುವ ಮುನ್ನ ಬೂಟಿನ ಅಡಿ, ಕಾಲುಚೀಲ, ಟ್ರೈಪಾಡ್ ಕಾಲುಗಳನ್ನು ಗಟ್ಟಿ ಬ್ರಶ್ಶಿನಿಂದ ಉಜ್ಜಿ. ಕಳೆಬೀಜ, ರೋಗಾಣು ಎರಡೂ ಸಾಗುವುದು ಆ ಮಣ್ಣಿನಲ್ಲೇ. ತೊಳೆಯುವುದು ಬಿಟ್ಟುಹೋಗುವ ಜಾಗದಲ್ಲಿ, ಹೊಸ ಜಾಗ ತಲುಪಿದ ಮೇಲಲ್ಲ. ಮಗುಚಿ ನೋಡಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ. ಅಪರೂಪದ ಗಿಡವೋ ಗೂಡೋ ಕಂಡು ಫೋಟೊ ಹಾಕಿದರೆ, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ತಾವೇ ಮರೆಮಾಡುತ್ತವೆ; ಆದರೆ ಅದೇ ಫೋಟೊವನ್ನು ಹಿನ್ನೆಲೆಯ ಸೇತುವೆ, ಫಲಕದ ಸಮೇತ ಬೇರೆಡೆ ಹಾಕಿದರೆ ಆ ಮರೆ ಉಪಯೋಗಕ್ಕೆ ಬಾರದು.